ಗುಂಡು ಗುಂಡು ಶ್ರದ್ಧಾಂಜಲಿ

ಊರಿನ ದೊಡ್ಡ ಮನುಷ್ಯರೊಬ್ಬರು ತೀರಿಕೊಂಡರೆ ಸಂಜೆಯೊಳಗೆ ಸರ್ಕಲ್‌ನಲ್ಲಿ ಫ್ಲೆಕ್ಸ್ ಎದ್ದಿರುತ್ತದೆ. 'ಭಾವಪೂರ್ಣ ಶ್ರದ್ಧಾಂಜಲಿ' ಅನ್ನುವ ಅಕ್ಷರಗಳು ಗುಂಡುಗುಂಡಾಗಿ, ಕೆನ್ನೆ ಉಬ್ಬಿಸಿಕೊಂಡು ನಗುತ್ತಿರುತ್ತವೆ. ಹೋದವರಿಗೆ ಸ್ವರ್ಗದಲ್ಲಿ ಯಾವುದೋ ನಿಗಮದ ಅಧ್ಯಕ್ಷಗಿರಿ ಸಿಕ್ಕಿರಬೇಕು ಅಂದುಕೊಂಡು ಮುಂದೆ ಹೋಗುತ್ತೇವೆ.

ಅಕ್ಷರಗಳದ್ದೇನೂ ತಪ್ಪಿಲ್ಲ ಬಿಡಿ. ಮುಂಬೈನ ಏಕ್ ಟೈಪ್ ತಂಡ 'ಬಾಲೂ' ಅಂತ ಒಂದು ದಪ್ಪ, ದುಂಡು, ತುಂಟ ಫಾಂಟ್ ಮಾಡಿತು. ಲಿಪಿಗೊಂದು ಹೆಸರಿಟ್ಟಿತು. ಗುರುಮುಖಿಗೆ ಬಾಲೂ ಪಾಜಿ, ಮಲಯಾಳಕ್ಕೆ ಬಾಲೂ ಚೇಟ್ಟನ್, ತಮಿಳಿಗೆ ಬಾಲೂ ತಂಬಿ, ನಮ್ಮ ಪಾಲಿಗೆ ಬಾಲೂ ತಮ್ಮ. ಮಕ್ಕಳ ಪುಸ್ತಕದ ಮುಖಪುಟಕ್ಕೆ, ಐಸ್‌ಕ್ರೀಂ ಗಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಜೊತೆಗೆ ಪುಕ್ಕಟೆ. ಪುಕ್ಕಟೆ ಅಂದಮೇಲೆ ಮುಗೀತಲ್ಲ!

ಈಗ ತಮ್ಮನಿಗೂ ಅವನ ಹಾಗೇ ಇರುವ ಇತರ ದುಂಡಕ್ಷರಗಳಿಗೂ ಬಿಡುವೇ ಇಲ್ಲ. ಟ್ರಾನ್ಸ್‌ಫಾರ್ಮರ್ ಮೇಲೆ 'ಅಪಾಯ' ಅಂತ ಇರುತ್ತದೆ, ತಲೆಬುರುಡೆಯ ಗಲ್ಲ ಹಿಡಿದು ಮುದ್ದಿಸಬೇಕು ಅನ್ನಿಸುತ್ತದೆ. ಸಾಲ ಕಟ್ಟದವರ ಮನೆ ಹರಾಜಿಗಿದೆ ಅನ್ನುವ ನೋಟಿಸು ಗೃಹಪ್ರವೇಶದ ಕರೆಯೋಲೆಯಂತೆ ಕಾಣುತ್ತದೆ. 'ಇಲ್ಲಿ ಮೂತ್ರ ಮಾಡಬೇಡಿ' ಅನ್ನುವುದನ್ನಂತೂ ಓದಿದವರು ಕರೆದರಲ್ಲ ಅಂತ ಅಲ್ಲೇ ನಿಲ್ಲುತ್ತಾರೆ. ಬಾಲೂ 2 ಬಂದಾಗ ಸಾಧಾರಣದಿಂದ ಅತಿದಪ್ಪದವರೆಗೆ ಐದು ಬಗೆ ಕೊಟ್ಟರು. ಡಿಟಿಪಿ ಅಂಗಡಿಯ ಬೆರಳು ಮಾತ್ರ ನೇರ ಅತಿದಪ್ಪಕ್ಕೇ ಹೋಗುತ್ತದೆ.

ಆ ಅಂಗಡಿಯ ಸಾಫ್ಟ್‌ವೇರ್ ಅಜ್ಜನ ಕಾಲದ್ದು. ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರಗಳು ಕೆಳಗಿಳಿಯುವುದಿಲ್ಲ. 'ಶ್‌ರದ್‌ಧಾಂಜಲಿ' ಅಂತ ಒಂದೊಂದೂ ಕೈ ಬಿಡಿಸಿಕೊಂಡು ಪಕ್ಕದಲ್ಲಿ ನಿಲ್ಲುತ್ತವೆ. ಮನೆಯವರು ಕೇಳಿದರೆ, "ಫಾಂಟೇ ಹಂಗೆ ಸಾರ್, ಫೋಟೋ ಚೆನ್ನಾಗಿದ್ಯಲ್ಲ" ಅನ್ನುವ ಉತ್ತರ ಬರುತ್ತದೆ. ಫೋಟೋ ನಿಜಕ್ಕೂ ಚೆನ್ನಾಗಿರುತ್ತದೆ. ಸತ್ತವರದಲ್ಲ, ಕೆಳಗೆ ಸಾಲಾಗಿ ಕೈಮುಗಿದು ನಿಂತ ಮರಿ ಮುಖಂಡರದ್ದು.

ಕಾನೂನು ಬೇರೆ ಈ ಕಡೆಯೇ ವಾಲಿದೆ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೆಯದೇ. ಆದರೆ ಅಳೆಯುವವರು ಅಳೆಯುವುದು ಜಾಗ ತಾನೇ? ಕಡಿಮೆ ಅಕ್ಷರದಲ್ಲಿ ಜಾಸ್ತಿ ಜಾಗ ತುಂಬಬೇಕಾದರೆ ಹೊಟ್ಟೆ ಇರುವ ಅಕ್ಷರವೇ ಬೇಕು. ಹಾಗಾಗಿ 'ಮೆನ್ಸ್ ಪ್ರೀಮಿಯಂ ಸಲೂನ್' ಅಂತ ತಮ್ಮ ಮೈತುಂಬಿ ಕೂತಿದ್ದಾನೆ. ಕನ್ನಡ ಉಳಿಯಿತು, ದಂಡವೂ ಉಳಿಯಿತು.

ಅಂದಹಾಗೆ, ಈ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನೇ ರಾಜ್ಯ ಸರ್ಕಾರ 2016ರಲ್ಲಿ ನಿಷೇಧಿಸಿತ್ತು. ಆ ಆದೇಶ ಯಾವ ಫಾಂಟಿನಲ್ಲಿ ಅಚ್ಚಾಗಿತ್ತೋ, ಓದಿದವರೆಲ್ಲ ತಮಾಷೆ ಅಂದುಕೊಂಡಂತಿದೆ.