ಕನ್ಯಾಕುಮಾರಿಗೆ ಒಂದು ಪೂರ್ತಿ ದಿನ ಇಟ್ಕೊಳ್ರಪ್ಪ

ಕಾಶ್ಮೀರದಿಂದ ಕನ್ಯಾಕುಮಾರಿಗೆ ಫ್ರೆಂಡ್ಸ್ ಜೊತೆ ಕಾರಲ್ಲಿ ಹೋಗ್ಬೇಕು ಅಂತಿರೋರು ಸುಮಾರು ಜನ ಇನ್‌ಬಾಕ್ಸಲ್ಲಿ ಪ್ಲಾನ್ ಕಳಿಸಿ ಹೇಗಿದೆ ನೋಡಿ ಅಂತ ಕೇಳಿದ್ದೀರ. ಎಲ್ಲಾ ನೋಡ್ದೆ. ಶ್ರೀನಗರಕ್ಕೆ ಎರಡು ದಿನ, ದೆಹಲಿಗೆ ಒಂದು, ಆಗ್ರಾಗೆ ಅರ್ಧ, ಹೈದರಾಬಾದಲ್ಲಿ ಒಂದು ರಾತ್ರಿ, ಇಷ್ಟೆಲ್ಲಾ ಚೆನ್ನಾಗಿ ಬರ್ದು ಕೊನೇ ಸಾಲಲ್ಲಿ "ಕನ್ಯಾಕುಮಾರಿ, ಸಂಜೆ ರೀಚ್, ಸನ್‌ಸೆಟ್, ಫೋಟೋ, ರಾತ್ರಿ ರಿಟರ್ನ್". ಇದೊಂದು ಸಾಲು ನೋಡಿದಾಗಲೇ ಹೊಟ್ಟೆ ಕಿವುಚಿದ ಹಾಗಾಗತ್ತೆ ನಂಗೆ. ದೇಶದ ಅತೀ ಉದ್ದದ ಹೈವೇ ಅದು, ಎನ್‌ಎಚ್ 44, ಮೂರೂಮುಕ್ಕಾಲು ಸಾವಿರ ಕಿಲೋಮೀಟರ್ ಹತ್ರ ಇದೆ, ಅಷ್ಟು ದೂರ ಬಂದು ಮುಟ್ಟಿದ ಊರಲ್ಲಿ ನಿಲ್ಲೋಕೆ ನಾಲ್ಕು ಗಂಟೆ ಅಷ್ಟೇನಾ?

ಮೊದಲು ಸೇಫ್ಟಿ ವಿಷಯ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ. ಈ ರೋಡಲ್ಲಿ ಜಮ್ಮು-ಕಾಶ್ಮೀರದ ಬೆಟ್ಟ, ಮಂಜು, ಚೆನಾನಿ-ನಾಶ್ರಿ ಟನಲ್ಲು, ಆ ಕಡೆ ಎಲ್ಲಾರೂ ಮೈಯೆಲ್ಲಾ ಕಣ್ಣಾಗಿ ಓಡಿಸ್ತಾರೆ. ಸಿವನಿ-ನಾಗಪುರ ಮಧ್ಯೆ ಪೆಂಚ್ ಕಾಡಲ್ಲಿ ಹುಲಿ, ಜಿಂಕೆ ಕೆಳಗಿಂದ ದಾಟ್ಲಿ ಅಂತ ಹೈವೇನೇ ಮೇಲೆತ್ತಿದ್ದಾರಲ್ಲ, ಅಲ್ಲೂ ನಿಧಾನಕ್ಕೇ ಬರ್ತಾರೆ. ಮೈಮರೆಯೋದು ಹೊಸೂರು ದಾಟಿದ್ಮೇಲೆ. ರೋಡ್ ಚೆನ್ನಾಗಿದೆ, ಇನ್ನೇನು ಬಂದ್ಬಿಡ್ತು ಅನ್ನೋ ಮೂಡು, ಕಾಲು ತಾನಾಗೇ ಆಕ್ಸಿಲರೇಟರ್ ಒತ್ತತ್ತೆ. ಧರ್ಮಪುರಿ ಆದ್ಮೇಲೆ ಸೇಲಂಗೆ ಮುಂಚೆ ತೊಪ್ಪೂರು ಘಾಟ್ ಸಿಗತ್ತೆ, ಉದ್ದಕ್ಕೂ ಇಳಿಜಾರು, ಲೋಡ್ ಲಾರಿಗಳು ಬ್ರೇಕ್ ಹಿಡೀದೆ ಮುಂದಿರೋ ಗಾಡಿಗಳ ಮೇಲೆ ನುಗ್ಗಿ ಎಷ್ಟು ಜನ ಹೋಗಿದ್ದಾರೆ ಅಲ್ಲಿ. ಸನ್‌ಸೆಟ್ ಮಿಸ್ಸಾಗತ್ತೆ ಅಂತ ವಾಚ್ ನೋಡ್ಕೊಂಡು ಓಡಿಸೋ ಜಾಗ ಅಲ್ಲ ಅದು. ಅವತ್ತು ಸಂಜೆ ಮುಟ್ಟದೇ ಇದ್ರೂ ಪರ್ವಾಗಿಲ್ಲ, ನಾಳೆ ಪೂರ್ತಿ ದಿನ ಇದೆ ಅಂತ ಗೊತ್ತಿದ್ರೆ ಓಡಿಸೋನ ಭುಜ ತಾನಾಗೇ ಸಡಿಲ ಆಗತ್ತೆ. ಇದನ್ನ ನಾನು ನಮ್ಮ ಕಾರಲ್ಲೇ ನೋಡಿದ್ದೀನಿ.

ಕರ್ನಾಟಕದವರಿಗೆ ಇನ್ನೊಂದು ಕಷ್ಟ ಇದೆ, ಬೇರೆ ರಾಜ್ಯದವರಿಗೆ ಅರ್ಥ ಆಗಲ್ಲ. ಬಾಗೇಪಲ್ಲಿ ಹತ್ರ ಕನ್ನಡ ಬೋರ್ಡ್ ಕಾಣ್ತಿದ್ದ ಹಾಗೇ ಎಲ್ಲಾರ ಮನಸ್ಸೂ ಮನೆ ಕಡೆ ಎಳೆಯೋಕೆ ಶುರುವಾಗತ್ತೆ. ಚಿಕ್ಕಬಳ್ಳಾಪುರ, ದೇವನಹಳ್ಳಿ, ಹೆಬ್ಬಾಳ, ಆಮೇಲೆ ಸಿಲ್ಕ್ ಬೋರ್ಡ್, ಹೈವೇ ನಮ್ಮೂರ ಹೊಟ್ಟೆಯೊಳಗಿಂದಲೇ ಹೋಗತ್ತೆ, ಆದ್ರೆ ಕನ್ಯಾಕುಮಾರಿ ಇನ್ನೂ ಆರ್ನೂರು ಚಿಲ್ಲರೆ ಕಿಲೋಮೀಟರ್ ದೂರ. ನಮ್ಮ ಟ್ರಿಪ್ಪಲ್ಲಿ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ಕಲ್ಲಿ ನಿಂತಾಗ ಹಿಂದಿನ ಸೀಟಿಂದ ಒಬ್ಬ "ಲೋ ಮಗಾ, ಒಂದ್ ರಾತ್ರಿ ಮನೇಲಿ ಮಲ್ಕೊಂಡು ನಾಳೆ ಹೊರಡೋಣ್ವಾ" ಅಂದ. ಮನೆಗೆ ಹೋದ್ರೆ ಯಾರೂ ವಾಪಸ್ ಬರಲ್ಲ ಅಂತ ಎಲ್ರಿಗೂ ಗೊತ್ತು, ಹಾಗಾಗಿ ಯಾರೂ ಉತ್ತರ ಕೊಡ್ಲಿಲ್ಲ, ಅವನೂ ಮತ್ತೆ ಕೇಳ್ಲಿಲ್ಲ, ಹೊಸೂರಲ್ಲಿ ರೂಮ್ ಮಾಡಿ ಮಲಗಿದ್ವಿ. ಅವನನ್ನ ಆಮೇಲೆ ನಾನೇ ತಬ್ಕೊಂಡು ಥ್ಯಾಂಕ್ಸ್ ಹೇಳ್ದೆ.

ತಿರುನೆಲ್ವೇಲಿ ದಾಟಿ ವಳ್ಳಿಯೂರು, ಪಣಗುಡಿ ಕಡೆ ಬರ್ತಿದ್ದ ಹಾಗೆ ಗಾಳಿ ಕಾರನ್ನ ಪಕ್ಕಕ್ಕೆ ತಳ್ಳೋಕೆ ಶುರು ಮಾಡತ್ತೆ, ಕಣ್ಣು ಹಾಯ್ಸಿದಷ್ಟೂ ಗಾಳಿಯಂತ್ರಗಳು. ಬಲಗಡೆ ನೋಡಿ ದಯವಿಟ್ಟು. ಅಲ್ಲಿ ಕಾಣೋ ಬೆಟ್ಟಸಾಲು ನಮ್ಮ ಪಶ್ಚಿಮ ಘಟ್ಟ, ನಮ್ಮ ಚಿಕ್ಕಮಗಳೂರು, ಕೊಡಗಿನ ಅದೇ ಘಟ್ಟ, ಇಲ್ಲಿ ಬಂದು ಚಿಕ್ಕದಾಗ್ತಾ ಮುಗಿದೇ ಹೋಗತ್ತೆ. ಹುಟ್ಟಿದಾಗಿಂದ ನೋಡ್ತಿರೋ ಬೆಟ್ಟದ ಕೊನೇ ತುದಿ ನೋಡೋದು ಅಂದ್ರೆ ಏನು ಅಂತ ನಂಗೆ ಅಲ್ಲೀವರೆಗೂ ಗೊತ್ತಿರ್ಲಿಲ್ಲ, ಮಾತೇ ಹೊರಡ್ಲಿಲ್ಲ.

ಊರು ಮುಟ್ಟಿ ಎಂಜಿನ್ ಆಫ್ ಮಾಡಿದ್ಮೇಲೂ ಸ್ವಲ್ಪ ಹೊತ್ತು ಯಾರೂ ಇಳೀಲಿಲ್ಲ. ಮುಂದಿನ ಗ್ಲಾಸ್ ತುಂಬಾ ಹುಳ ಬಡಿದು ಒಣಗಿ ಅಂಟ್ಕೊಂಡಿದ್ವು, ವೈಪರ್ ಓಡಿದ ಕಡೆ ಮಾತ್ರ ಎರಡು ಅರ್ಧಚಂದ್ರದ ಹಾಗೆ ಕ್ಲೀನು. ಡ್ಯಾಶ್‌ಬೋರ್ಡ್ ಸಂದೀಲಿ ಟೋಲ್ ರಸೀದಿ, ಬಿಸ್ಕೆಟ್ ಪುಡಿ, ಶ್ರೀನಗರದಲ್ಲಿ ತಗೊಂಡ ಅಕ್ರೋಟಿನ ಸಿಪ್ಪೆ. ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು. ಖುಷಿ ಆಗತ್ತೆ, ಕುಣೀತೀವಿ ಅಂದ್ಕೊಂಡಿದ್ವಿ. ನಿಜವಾಗ್ಲೂ ಬಂದಿದ್ದು ಸುಸ್ತು, ಜೊತೆಗೆ ಮುಗೀತಲ್ಲ ಅನ್ನೋ ಒಂಥರಾ ಬೇಜಾರು. ಅವತ್ತು ರಾತ್ರೀನೇ ಹೊರಟಿದ್ರೆ ಆ ಬೇಜಾರೊಂದೇ ಮನೆಗೆ ತಗೊಂಡು ಹೋಗ್ತಿದ್ವಿ.

ಮಾರನೇ ದಿನ ಬೆಳಿಗ್ಗೆ ಎದ್ದು ಸಮುದ್ರದಲ್ಲಿ ಸೂರ್ಯ ಹುಟ್ಟೋದು ನೋಡಿ, ಬೋಟ್ ಕ್ಯೂಲಿ ನಿಂತ್ವಿ. ವಿವೇಕಾನಂದರು 1892ರ ಡಿಸೆಂಬರಲ್ಲಿ ಧ್ಯಾನಕ್ಕೆ ಕೂತಿದ್ದ ಬಂಡೆ, ಸ್ಮಾರಕ ಆಗಿದ್ದು 1970ರಲ್ಲಿ. ಪಕ್ಕದ ಬಂಡೆ ಮೇಲೆ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ, ಅವರು ಬರೆದ ತಿರುಕ್ಕುರಳಿನ 133 ಅಧ್ಯಾಯಕ್ಕೆ ಸರಿಯಾಗಿ 133 ಅಡಿ. ಈಗ ಎರಡರ ಮಧ್ಯೆ 77 ಮೀಟರ್ ಉದ್ದದ ಗಾಜಿನ ಸೇತುವೆ ಬೇರೆ ಇದೆ, 2024ರ ಕೊನೇಲಿ ಶುರುವಾಗಿದ್ದು. ಸಮುದ್ರ ಜೋರಿದ್ರೆ ಬೋಟ್ ಬಿಡಲ್ಲ, ಹಾಗಾಗಿ ಒಂದು ಸಂಜೆ ಅಂತ ಬಂದೋರಿಗೆ ಇದ್ಯಾವುದೂ ಸಿಗೋದು ಗ್ಯಾರಂಟಿ ಇಲ್ಲ.

ಆ ಕ್ಯೂಲೇ ಇನ್ನೊಂದು ನಡೀತು. ಝಾನ್ಸಿ ಹತ್ರ ನಮ್ಮಲ್ಲಿಬ್ರಿಗೆ ರಾತ್ರಿ ಗಾಡಿ ಓಡಿಸ್ಬೇಕಾ ಬೇಡ್ವಾ ಅಂತ ಜೋರು ಜಗಳ ಆಗಿತ್ತು, ಅಲ್ಲಿಂದ ಇಲ್ಲೀವರೆಗೂ ಬರೀ "ನೀರ್ ಕೊಡು", "ಲೆಫ್ಟ್ ತಗೋ" ಅಷ್ಟೇ ಮಾತು. ಕಾರೊಳಗೆ ಎಲ್ಲಾರ ಕಿವಿ ಮುಂದೆ ಯಾರು ತಾನೇ ಸಾರಿ ಕೇಳ್ತಾರೆ ಹೇಳಿ. ಕ್ಯೂಲಿ ಅವರಿಬ್ರೂ ಹಿಂದೆ ಉಳ್ಕೊಂಡ್ರು, ನಾವು ಬೇಕಂತಲೇ ತಿರುಗಿ ನೋಡ್ಲಿಲ್ಲ, ಬೋಟ್ ಹತ್ತೋ ಹೊತ್ತಿಗೆ ಒಬ್ಬನ ಟೋಪಿ ಇನ್ನೊಬ್ಬನ ತಲೇಲಿತ್ತು. ಎಷ್ಟೋ ಗ್ಯಾಂಗುಗಳು ಇಂಥ ಟ್ರಿಪ್ ಮುಗಿಸ್ಕೊಂಡು ಬಂದು ಗ್ರೂಪಲ್ಲಿ ಮಾತು ಬಿಡೋದು ನೋಡಿದ್ದೀನಿ. ಜಗಳ ದೊಡ್ಡದು ಅಂತಲ್ಲ, ಸರಿ ಮಾಡ್ಕೊಳೋಕೆ ಗಾಡಿ ನಿಂತ ಒಂದು ದಿನ ಅವರಿಗೆ ಸಿಕ್ಕಿರಲ್ಲ. ಮಧ್ಯಾಹ್ನ ರೂಮಲ್ಲಿ ನೆಲದ ಮೇಲೆ ಕೂತು ಡೀಸೆಲ್, ಟೋಲ್, ರೂಮ್ ಲೆಕ್ಕ ಎಲ್ಲಾ ಅಲ್ಲೇ ಚುಕ್ತಾ ಮಾಡಿದ್ವಿ, ಅದೂ ಊರಿಗೆ ಬಂದ್ಮೇಲೆ ಆಗಿದ್ರೆ ತಿಂಗಳಗಟ್ಟಲೆ ಎಳೀತಿತ್ತು.

ಸೋಮವಾರ ಆಫೀಸಿದೆ, ರಜಾ ಇಲ್ಲ ಅಂತೀರ, ಒಪ್ತೀನಿ. ಹಾಗಿದ್ರೆ ಹೈದರಾಬಾದ್ ರಾತ್ರಿ ತೆಗೀರಿ, ಬೆಂಗಳೂರಿಂದ ಯಾವಾಗ ಬೇಕಾದ್ರೂ ಹೋಗಿ ಬರಬಹುದು ಅಲ್ಲಿಗೆ. ದೆಹಲೀಲಿ ಶಾಪಿಂಗ್‌ಗೆ ಅಂತ ಇಟ್ಟಿರೋ ದಿನ ತೆಗೀರಿ. ಅದನ್ನ ತಂದು ಕನ್ಯಾಕುಮಾರಿ ಸಾಲಿಗೆ ಸೇರಿಸಿ ಪ್ಲಾನ್ ಮತ್ತೆ ಕಳಿಸಿ, ರಾತ್ರಿ ಕೂತು ಪೂರ್ತಿ ನೋಡ್ತೀನಿ.