ಥೈರಾಯ್ಡ್ ಮಾತ್ರೆ ಬದಲು ಪ್ಯಾಚ್: ಯಾರಿಗೆ ಬೇಕು?

ಎದ್ದ ಕೂಡಲೇ ಕಾಫಿ ಬೇಕು, ಥೈರಾಯ್ಡ್ ಮಾತ್ರೆಗೆ ಖಾಲಿ ಹೊಟ್ಟೆ ಬೇಕು. ಬೆಂಗಳೂರಿನ ಮನೆಗಳಲ್ಲಿ ಈ ಜಗ್ಗಾಟ ಮುಗಿಯೋದಿಲ್ಲ. ಹಾಗಾಗಿ ತೋಳಿಗೆ ಪ್ಯಾಚ್ ಅಂಟಿಸಿಕೊಂಡರೆ ಸಾಕು ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತೆ. ನಿಕೋಟಿನ್‌ಗೆ ಪ್ಯಾಚ್ ಇದೆ, ಇದಕ್ಕೆ ಯಾಕಿಲ್ಲ?

ಪ್ರಮಾಣ ನೋಡಿದರೆ ಸುಲಭ ಅನಿಸುತ್ತೆ. 100 ಮೈಕ್ರೊಗ್ರಾಂ ಮಾತ್ರೆಯಲ್ಲಿ ರಕ್ತ ಸೇರೋದು 75 ಅಂತಿಟ್ಟುಕೊಳ್ಳಿ. 10 ಚದರ ಸೆಂಟಿಮೀಟರಿನ ಪ್ಯಾಚ್ ಆದರೆ, ಪ್ರತಿ ಚದರ ಸೆಂಟಿಮೀಟರಿಗೆ ಗಂಟೆಗೆ ಬರೀ 0.3 ಮೈಕ್ರೊಗ್ರಾಂ ಒಳಗಿಳಿಯಬೇಕು. ತೊಡಕಿರೋದು ಅಣುವಿನ ಗಾತ್ರದಲ್ಲಿ. ಸುಮಾರು 500 ಡಾಲ್ಟನ್ (ಅಣುವಿನ ತೂಕದ ಅಳತೆ) ದಾಟಿದ್ದನ್ನು ಚರ್ಮದ ಮೇಲ್ಪದರ ಸುಲಭಕ್ಕೆ ಒಳಗೆ ಬಿಡೋದಿಲ್ಲ. ನಿಕೋಟಿನ್ 162. ಥೈರಾಯ್ಡ್ ಮಾತ್ರೆಯಲ್ಲಿರೋ ಔಷಧಿ ಲೆವೊಥೈರಾಕ್ಸಿನ್ (ಅಂದರೆ ಥೈರಾಕ್ಸಿನ್ ಹಾರ್ಮೋನು) 777, ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳದ್ದೇ 508. ಅಯೋಡಿನ್ ಕಿತ್ತು ಹಗುರ ಮಾಡೋಣ ಅಂದರೆ ಅದು ಥೈರಾಕ್ಸಿನ್ನೇ ಅಲ್ಲ.

ಲ್ಯಾಬ್‌ನಲ್ಲೂ ಇದು ಯಾಮಾರಿಸುತ್ತೆ. ಫ್ರಾಂಜ್ ಸೆಲ್ ಅನ್ನೋ ಎರಡು ಕೋಣೆಯ ಗಾಜಿನ ಪಾತ್ರೆಯ ನಡುವೆ ಹಂದಿ ಕಿವಿಯ ಚರ್ಮ ಕೂರಿಸಿ, ಮೇಲೆ ಔಷಧಿ ಹಾಕಿ, ಚರ್ಮವನ್ನು 32 ಡಿಗ್ರಿಯಲ್ಲಿಟ್ಟು, ಕೆಳಗಿನ ದ್ರವಕ್ಕೆ ಔಷಧಿ ಎಷ್ಟು ಇಳಿಯಿತು ಅಂತ ಅಳೀತಾರೆ. ಥೈರಾಕ್ಸಿನ್ ನೀರಿನಲ್ಲಿ ಸರಿಯಾಗಿ ಕರಗೋದಿಲ್ಲ, ಮೇಲಾಗಿ ಗಾಜು, ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತೆ. ಕೆಳಗೆ ಬರೀ ಬಫರ್ (ಆಮ್ಲ-ಕ್ಷಾರದ ಮಟ್ಟ ಕಾಯ್ದಿಡುವ ಲವಣದ ನೀರು) ಹಾಕಿದರೆ ಚರ್ಮ ದಾಟಿ ಬಂದದ್ದೂ ಲೆಕ್ಕಕ್ಕೆ ಸಿಗೋದಿಲ್ಲ, ಅದನ್ನು ಹಿಡಿದಿಟ್ಟುಕೊಳ್ಳೋ ಅಲ್ಬುಮಿನ್‌ನಂಥ (ರಕ್ತದಲ್ಲಿರೋ ಒಂದು ಪ್ರೋಟೀನು) ಪದಾರ್ಥ ಬೆರೆಸಬೇಕು. ಮೇಲುಳಿದದ್ದು, ಚರ್ಮದಲ್ಲಿ ಸಿಕ್ಕಿಕೊಂಡದ್ದು, ಕೆಳಗಿಳಿದದ್ದು, ಈ ಮೂರೂ ಸೇರಿ ಹಾಕಿದ ಮೊತ್ತಕ್ಕೆ ತಾಳೆಯಾಗದಿದ್ದರೆ ಆ ಫಲಿತಾಂಶ ನಂಬಬೇಡಿ.

ನನ್ನ ಪ್ರಕಾರ ಇದಕ್ಕೆ ಒಳ್ಳೆ ದಾರಿ ಕರಗುವ ಮೈಕ್ರೊನೀಡಲ್. ಅರ್ಧ ಮಿಲಿಮೀಟರ್ ಆಸುಪಾಸಿನ ಪಾಲಿಮರ್ ಮುಳ್ಳುಗಳು ಮೇಲ್ಪದರ ದಾಟಿ ಒಳಗೇ ಕರಗುತ್ತವೆ, ಗಾತ್ರದ ತಂಟೆ ತಪ್ಪುತ್ತೆ. ಆದರೆ ಮಳೆಗಾಲದ ತೇವ ಹೀರಿದ ಮುಳ್ಳು ಮೆತ್ತಗಾಗಿ, ಚುಚ್ಚೋ ಬದಲು ಬಾಗುತ್ತೆ. ಔಷಧಿಯೂ ಬೆಳಕು, ಬಿಸಿ, ತೇವಕ್ಕೆ ಕೆಡುವಂಥದ್ದು. ಒಂದೊಂದು ಪ್ಯಾಚನ್ನೂ ಅಲ್ಯೂಮಿನಿಯಂ ಪೊಟ್ಟಣದಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಬೇಕು. ಬೆಲೆ ಅಲ್ಲೇ ಏರಿತು!

ಇನ್ನು ಡೋಸ್. ಹೆಚ್ಚಾದರೆ ಎದೆಬಡಿತ, ಮೂಳೆ ಸವೆತ. ಕಡಿಮೆಯಾದರೆ ಸುಸ್ತು, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚೋ ಹಾರ್ಮೋನು, ರಕ್ತಪರೀಕ್ಷೆಯಲ್ಲಿ ಅಳೆಯೋದು) ಏರಿಕೆ. 12.5 ಮೈಕ್ರೊಗ್ರಾಂ ಹೆಚ್ಚುಕಮ್ಮಿ ಮಾಡಿ ಹೊಂದಿಸುವ ಔಷಧಿಯಲ್ಲಿ ಅರ್ಧ ಮುಳ್ಳು ಇಳಿಯದ ಪ್ಯಾಚ್ ನಡೆಯೋದಿಲ್ಲ. ಒಂದೇ ಸಮಾಧಾನ, ಇದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರೋದು ಅರ್ಧಕ್ಕಿಳಿಯೋ ಸಮಯ, ಸುಮಾರು 7 ದಿನ. ಒಂದು ದಿನ ಕಿತ್ತುಬಂದರೂ ರಕ್ತದ ಮಟ್ಟ ಕುಸಿಯೋದಿಲ್ಲ, ವಾರಕ್ಕೊಂದು ಪ್ಯಾಚ್ ಅನ್ನೋ ಲೆಕ್ಕಾಚಾರಕ್ಕೂ ಅದೇ ಆಧಾರ.

ಕರುಳಿನ ತೊಂದರೆಯಿಂದ ಮಾತ್ರೆ ಮೈಗೆ ಹತ್ತದವರಿಗೆ, ನುಂಗಲಾಗದ ಹಿರಿಯರಿಗೆ ಇದು ಖಂಡಿತ ಬೇಕು. ಬರೀ ಕಾಫಿಗೋಸ್ಕರ ಕಾಯೋರು ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ಕಾಫಿ, ನಾಲ್ಕು ಗಂಟೆ ಬಿಟ್ಟು ಕ್ಯಾಲ್ಸಿಯಂ, ಐರನ್ ಮಾತ್ರೆ. ಅದೂ ಆಗಲ್ಲ ಅಂದರೆ, ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತಗೋಬಹುದಾ ಅಂತ ಡಾಕ್ಟರನ್ನು ಕೇಳಿ. ರಾತ್ರಿ ಕ್ಯಾಲ್ಸಿಯಂ ನುಂಗೋರಿಗೆ ಇದು ಆಗಿಬರಲ್ಲ. ಸಮಯ ಬದಲಿಸಿದ ಮೇಲೆ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿ. ಅದಕ್ಕೂ ಮೊದಲು ಮಾಡಿಸಿದರೆ ಹಳೇ ಡೋಸಿನ ನೆರಳೇ ಕಾಣೋದು.