ಆಸಕ್ತಿ ಇದೆ, ಬಸ್ ಇಲ್ಲ

‘ಸಂಜೆಯ ವಿಶೇಷ ತರಗತಿಗೆ ಹಳ್ಳಿ ಮಕ್ಕಳು ನಿಲ್ಲುವುದಿಲ್ಲ, ಅವರಿಗೆ ಓದುವ ಆಸಕ್ತಿಯೇ ಇಲ್ಲ’ ಅಂತ ಬರೆದಿದ್ದೀರಿ. ಈ ಮಾತು ಮನಸ್ಸಿಗೆ ನೋವು ತಂದಿತು ಸರ್. ನಾನು ಬ್ಯಾಡಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಗಣಿತ ಕಲಿಸುತ್ತೇನೆ. ಐದೂವರೆ ಬಸ್ ತಪ್ಪಿದರೆ ನಮ್ಮ ಹುಡುಗಿಯರು ಕತ್ತಲಲ್ಲಿ ನಾಲ್ಕು ಕಿಲೋಮೀಟರ್ ನಡೆಯಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ ಉಚಿತವಾಯಿತು, ಅದು ದೊಡ್ಡ ಉಪಕಾರವೇ. ಆದರೆ ಆ ಹೊತ್ತಿಗೆ ಬಸ್ಸೂ ಇರಬೇಕಲ್ವಾ?

ಇನ್ನು ಜನವರಿ ಬಂತು ಅಂದರೆ ಮೆಣಸಿನಕಾಯಿ ಸುಗ್ಗಿ. ಪರೀಕ್ಷೆಗೆ ಓದುವ ದಿನಗಳಲ್ಲೇ ಮಕ್ಕಳು ತಾಯಿ ಜೊತೆ ಹೊಲಕ್ಕೆ ಹೋಗುತ್ತಾರೆ. ಹೋದ ವರ್ಷ ಒಬ್ಬಳು ಸೋಮವಾರ ಬಂದವಳು ಪೆನ್ನು ಹಿಡಿಯಲಾಗದೆ ಬೆರಳಿಗೆ ಬಾಯಿಂದ ಗಾಳಿ ಊದುತ್ತಾ ಕೂತಿದ್ದಳು. ಎರಡು ದಿನ ಕಾಯಿ ಬಿಡಿಸಿ ಕೈಯೆಲ್ಲ ಉರಿ. ಆದರೂ ಥೇಲ್ಸ್ ಪ್ರಮೇಯವನ್ನು ಬೋರ್ಡ್ ಮೇಲೆ ಒಂದು ತಪ್ಪಿಲ್ಲದೆ ಬರೆದಳು. ಅವಳಿಗೆ ಆಸಕ್ತಿ ಇಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಈ ವರ್ಷ ನಾವು ವಿಶೇಷ ತರಗತಿಯನ್ನು ಬೆಳಿಗ್ಗೆಗೆ ಬದಲಿಸಿದೆವು. ಮೊದಲ ಬಸ್ಸಿಗೆ ಬರುವವರು ಹೇಗೂ ಎಂಟೂವರೆಗೇ ಕಟ್ಟೆ ಮೇಲೆ ಕೂತಿರುತ್ತಾರೆ. ಈಗ ಕೋಣೆ ತುಂಬುತ್ತಿದೆ.